ಉಬ್ಬರವಿಳಿತಕ್ಕೆ ಹೆಜ್ಜೆ ಹೊಂದಿಸುವುದು: ಮಾರ್ಗದರ್ಶಿಯೊಂದಿಗೆ ಕಡಲಂಚಿನಲ್ಲಿ ಹಲವು ದಿನಗಳ ಚಾರಣ

ಬೆಟ್ಟದ ಚಾರಣದಲ್ಲಿ ಬೆಳಿಗ್ಗೆ ಒಂದು ಗಂಟೆ ತಡವಾಗಿ ಹೊರಟರೆ ಸಾಮಾನ್ಯವಾಗಿ ಸಂಜೆ ಒಂದು ಗಂಟೆ ತಡವಾಗಿ ಬಿಡಾರ ಸೇರುತ್ತೇವೆ, ಅಷ್ಟೇ. ಕಡಲಂಚಿನ ಚಾರಣದಲ್ಲಿ ಅದೇ ಒಂದು ಗಂಟೆಗೆ ಅರ್ಧ ದಿನದ ದಂಡ ತೆರಬೇಕಾಗಬಹುದು. ಏಕೆಂದರೆ ನಾವು ಸುತ್ತಿಕೊಂಡು ಹೋಗಬೇಕಾದ ಭೂಶಿರದ ಬುಡಕ್ಕೆ ಅಷ್ಟರಲ್ಲಿ ನೀರು ಬಂದಿರುತ್ತದೆ, ಅದು ಮತ್ತೆ ಇಳಿಯುವವರೆಗೆ ಕಾಯದೆ ಬೇರೆ ದಾರಿ ಇರುವುದಿಲ್ಲ. ಜನವಸತಿಯಿಲ್ಲದ ತೀರದಲ್ಲಿ ಮೂರು, ನಾಲ್ಕು, ಐದು ದಿನ ನಡೆದು, ರಾತ್ರಿ ಟೆಂಟಿನಲ್ಲಿ ತಂಗುವ ಇಂಥ ಪಯಣವನ್ನು ಮೊದಲ ಸಲ ಮಾಡುವವರು ಅನುಭವಿ ಮಾರ್ಗದರ್ಶಿಯೊಬ್ಬರ ಜೊತೆಗೆ ಹೋಗುವುದೇ ಸರಿ. ಆದರೆ ಮಾರ್ಗದರ್ಶಿ ಇದ್ದಾರೆಂದು ನೀರಿನ ಲೆಕ್ಕವನ್ನು ಪೂರ್ತಿಯಾಗಿ ಅವರಿಗೇ ಒಪ್ಪಿಸಿಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಬರಹದ ಹೆಚ್ಚಿನ ಭಾಗ ಆ ಲೆಕ್ಕದ ಸುತ್ತಲೇ ಇದೆ.

ಮಾರ್ಗ ಮತ್ತು ಮಾರ್ಗದರ್ಶಿಯ ಆಯ್ಕೆ

ಕಡಲಂಚಿನ ದಾರಿಗಳೆಲ್ಲ ಒಂದೇ ಬಗೆಯವಲ್ಲ. ಕೆನಡಾದ ವ್ಯಾಂಕೂವರ್ ದ್ವೀಪದ ವೆಸ್ಟ್ ಕೋಸ್ಟ್ ಟ್ರೇಲ್ 75 ಕಿ.ಮೀ. ಉದ್ದವಿದೆ, 1906ರಲ್ಲಿ ವೆಲೆನ್ಶಿಯಾ ಎಂಬ ಹಡಗು ಅಲ್ಲಿ ಬಂಡೆಗೆ ಬಡಿದು ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, ಒಡೆದ ಹಡಗುಗಳಿಂದ ಪಾರಾಗಿ ದಡ ಸೇರಿದವರ ನೆರವಿಗೆಂದು ಆ ಕಾಡುದಾರಿಯನ್ನು ಅಭಿವೃದ್ಧಿಪಡಿಸಲಾಯಿತು. ಅಲ್ಲಿ ಇಂದಿಗೂ ಎತ್ತರದ ಏಣಿಗಳನ್ನು ಹತ್ತಿಳಿಯಬೇಕು, ಕೆಲವು ಹೊಳೆಗಳನ್ನು ತಂತಿಗೆ ತೂಗುಬಿಟ್ಟ ತೊಟ್ಟಿಲಲ್ಲಿ ಕುಳಿತು ಕೈಯಾರೆ ಹಗ್ಗ ಎಳೆಯುತ್ತ ದಾಟಬೇಕು. ಕ್ಯಾಲಿಫೋರ್ನಿಯಾದ ಲಾಸ್ಟ್ ಕೋಸ್ಟ್ ಟ್ರೇಲ್‌ನ ಉತ್ತರ ಭಾಗದ ಸುಮಾರು 40 ಕಿ.ಮೀ. ದಾರಿಯಲ್ಲಿ, ತಲಾ ಆರು ಕಿ.ಮೀ.ಗೂ ಹೆಚ್ಚು ಉದ್ದದ ಎರಡು ತುಂಡುಗಳು ಉಬ್ಬರದ ಹೊತ್ತಿಗೆ ನಡೆಯಲಾಗದಂತೆ ನೀರಿನ ಪಾಲಾಗುತ್ತವೆ. ದಕ್ಷಿಣ ಆಫ್ರಿಕಾದ ಆಟರ್ ಟ್ರೇಲ್‌ನಲ್ಲಿ ತಂಗುವುದು ಗುಡಿಸಲುಗಳಲ್ಲೇ ಆದರೂ, ನಾಲ್ಕನೆಯ ದಿನ ಬ್ಲೌಕ್ರಾನ್ಸ್ ನದಿಯ ಮುಖವನ್ನು ಇಳಿತದ ವೇಳೆಗೆ ಸರಿಯಾಗಿ ತಲುಪಬೇಕಾದ್ದರಿಂದ ಆ ದಿನ ಕತ್ತಲಲ್ಲೇ ಹೊರಡುವವರು ಬಹಳ. ದಾರಿ ಎಲ್ಲಿಯದೇ ಆಗಿರಲಿ, ಒಟ್ಟು ಉದ್ದವನ್ನು ಕೇಳುವುದಕ್ಕಿಂತ ಮೊದಲು, ಉಬ್ಬರದಲ್ಲಿ ಮುಚ್ಚಿಹೋಗುವ ಜಾಗಗಳು ಎಷ್ಟು, ಅವುಗಳಿಗೆ ಮೇಲಿನಿಂದ ಬಳಸುದಾರಿ ಇದೆಯೇ ಎಂಬುದನ್ನು ಕೇಳಬೇಕು.

ಮಾರ್ಗದರ್ಶಿಯನ್ನು ಆಯ್ದುಕೊಳ್ಳುವಾಗಲೂ ಇದೇ ಪ್ರಶ್ನೆಯಿಂದ ಶುರು ಮಾಡಬಹುದು. “ಮೂರನೆಯ ದಿನ ಯಾವ ಹೊತ್ತಿಗೆ ಹೊರಡುತ್ತೇವೆ?” ಎಂದು ಕೇಳಿದಾಗ, ನಿಮ್ಮ ತಾರೀಖಿನ ಉಬ್ಬರವಿಳಿತದ ಪಟ್ಟಿ ನೋಡಿ ಉತ್ತರಿಸುವವರನ್ನು ನಂಬಬಹುದು, ಎಲ್ಲ ದಿನವೂ ಬೆಳಿಗ್ಗೆ ಎಂಟಕ್ಕೆ ಎನ್ನುವವರ ಬಗ್ಗೆ ಎಚ್ಚರವಿರಲಿ. ಕಾಡುಮೇಡಿನ ಪ್ರಥಮ ಚಿಕಿತ್ಸೆಯಲ್ಲಿ ಅವರಿಗೆ ತರಬೇತಿ ಆಗಿದೆಯೇ, ತಂಡದಲ್ಲಿ ಎಷ್ಟು ಜನ, ಮಾರ್ಗದರ್ಶಿಗೇ ಪೆಟ್ಟಾದರೆ ತಂಡವನ್ನು ನಡೆಸುವವರು ಯಾರು, ಪರವಾನಗಿ ಯಾರ ಹೆಸರಿನಲ್ಲಿದೆ, ಹವಾಮಾನ ಕೆಟ್ಟರೆ ಒಂದು ದಿನ ನಿಂತುಬಿಡಲು ಊಟ ಮತ್ತು ಸಮಯ ಮಿಗಿಸಿಟ್ಟಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ಹೀಗೆ ಒಂದು ದಿನವನ್ನು ಮಿಗಿಸಿಕೊಳ್ಳದ ಯೋಜನೆಯು ಕಾಗದದ ಮೇಲೆ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ಕಡಲತೀರಕ್ಕೆ ಒಗ್ಗುವುದಲ್ಲ.

ನೀರಿನ ಲೆಕ್ಕ

ಬಹುತೇಕ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸರಾಸರಿ 12 ಗಂಟೆ 25 ನಿಮಿಷ ಹಿಡಿಯುವುದರಿಂದ, ಇಂದು ಆದ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಆಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತದ ಅಂತರ ಕಡಿಮೆಯಾಗುತ್ತದೆ. ಆದ್ದರಿಂದ ಪ್ರಯಾಣದ ತಾರೀಖು ನಿಶ್ಚಯಿಸುವಾಗ ತಿಥಿಯನ್ನೂ ನೋಡಿಕೊಳ್ಳುವುದು ಇಲ್ಲಿ ಶುದ್ಧ ಭೌತವಿಜ್ಞಾನದ ಮಾತು.

ಏರಿಕೆಯ ವೇಗ ಉದ್ದಕ್ಕೂ ಒಂದೇ ಸಮನಾಗಿರುವುದಿಲ್ಲ. ನಾವಿಕರು ಬಹಳ ಕಾಲದಿಂದ ಬಳಸುವ ಹನ್ನೆರಡನೇ ಒಂದರ ಲೆಕ್ಕದ ಪ್ರಕಾರ, ಇಳಿತದಿಂದ ಉಬ್ಬರದವರೆಗಿನ ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಆರು ಗಂಟೆಗಳಲ್ಲಿ ಕ್ರಮವಾಗಿ ಒಂದು, ಎರಡು, ಮೂರು, ಮೂರು, ಎರಡು, ಒಂದು ಪಾಲಿನಷ್ಟು ನೀರು ಏರುತ್ತದೆ. ಒಂದು ಉದಾಹರಣೆ ನೋಡೋಣ. ಬೆಳಿಗ್ಗೆ 6.20ಕ್ಕೆ ಇಳಿತ, ಆಗಿನ ಎತ್ತರ 0.4 ಮೀಟರ್, 12.30ಕ್ಕೆ ಉಬ್ಬರ, ಎತ್ತರ 3.4 ಮೀಟರ್. ಅಂತರ 3 ಮೀಟರ್, ಒಂದು ಪಾಲು 25 ಸೆಂ.ಮೀ. ಹಾಗಾದರೆ 7.20ರ ಸುಮಾರಿಗೆ ನೀರು 0.65 ಮೀಟರ್‌ಗೆ, 8.20ಕ್ಕೆ 1.15ಕ್ಕೆ, 9.20ಕ್ಕೆ 1.9ಕ್ಕೆ ಬಂದಿರುತ್ತದೆ. ಒಂದು ಭೂಶಿರವನ್ನು 1.5 ಮೀಟರ್‌ಗಿಂತ ಕೆಳಗೆ ಮಾತ್ರ ದಾಟಬಹುದೆಂದು ನಕ್ಷೆಯಲ್ಲಿ ಬರೆದಿದ್ದರೆ, ಬಾಗಿಲು ಮುಚ್ಚುವುದು 8.45ರ ಹೊತ್ತಿಗೆ. ಆದರೆ 8.45ಕ್ಕೆ ಅಲ್ಲಿ ಕಾಲಿಡುವುದಲ್ಲ, ಎಂಟು ಗಂಟೆಯೊಳಗೆ ತಂಡದ ಕೊನೆಯ ವ್ಯಕ್ತಿಯೂ ಆಚೆ ದಡದಲ್ಲಿರುವಂತೆ ಹೊರಡಬೇಕು. ನೀರು ಇಳಿಯುತ್ತಿರುವಾಗಲೇ ಹೊರಟು ಇಳಿತದ ಕ್ಷಣಕ್ಕೆ ಮೊದಲೇ ದಾಟಿಬಿಟ್ಟರೆ ಇನ್ನೂ ಒಳ್ಳೆಯದು. ಯಾರಾದರೂ ಕಾಲು ಉಳುಕಿಸಿಕೊಂಡರೂ ನಂತರದ ಸಮಯ ನಿಮ್ಮ ಕೈಯಲ್ಲಿರುತ್ತದೆ. ಅದೇ ಭೂಶಿರ ಎರಡು ದಿನಗಳ ನಂತರ ಎದುರಾಗುವುದಾದರೆ ಇಳಿತ ಎಂಟು ಗಂಟೆಗೆ ಸರಿದಿರುತ್ತದೆ.

ಈ ಲೆಕ್ಕ ಅಂದಾಜಿನದು. ಅಮೆರಿಕದ ಪಶ್ಚಿಮ ತೀರದಂಥ ಕಡೆಗಳಲ್ಲಿ ದಿನದ ಎರಡು ಇಳಿತಗಳು ಸಮನಾಗಿರುವುದಿಲ್ಲ. ಒಂದು ಚೆನ್ನಾಗಿ ಇಳಿದರೆ ಇನ್ನೊಂದು ಹೆಸರಿಗಷ್ಟೇ ಇಳಿತ. ಆದ್ದರಿಂದ ಪಟ್ಟಿಯಲ್ಲಿ ವೇಳೆಯೊಂದನ್ನೇ ನೋಡದೆ ಎತ್ತರವನ್ನೂ ಓದಬೇಕು. ಪಟ್ಟಿ ಯಾವ ಬಂದರಿನದು, ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶವಾದರೆ ಅದನ್ನು ಪಟ್ಟಿಯಲ್ಲಿ ಸೇರಿಸಿದ್ದಾರೆಯೇ ಎಂಬುದನ್ನು ನೋಡಿಕೊಳ್ಳದೆ ಪೂರ್ತಿ ಒಂದು ಗಂಟೆ ತಪ್ಪಿದವರಿದ್ದಾರೆ. ಇದರ ಜೊತೆಗೆ ವಾಯುಭಾರ ಒಂದು ಮಿಲಿಬಾರ್ ಕುಸಿದರೆ ಸಮುದ್ರಮಟ್ಟ ಸುಮಾರು ಒಂದು ಸೆಂ.ಮೀ. ಏರುತ್ತದೆ, ಮೇಲೆ ಗಾಳಿ ನೀರನ್ನು ದಡಕ್ಕೆ ದೂಡುತ್ತದೆ. ಬಿರುಗಾಳಿಯ ದಿನ ಪಟ್ಟಿಯಲ್ಲಿರುವ ಎತ್ತರಕ್ಕಿಂತ ನೀರು ಮೇಲೇ ಬರುತ್ತದೆ ಎಂದಿಟ್ಟುಕೊಳ್ಳಿ. ಪ್ರಯಾಣದ ಎಲ್ಲ ದಿನಗಳ ವೇಳೆ ಮತ್ತು ಎತ್ತರವನ್ನು ಕಾಗದದ ಮೇಲೆ ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಳ್ಳಿ. ಫೋನಿನ ಬ್ಯಾಟರಿ ಮುಗಿದ ಮೇಲೂ ಓದಲು ಬರುವ ಪಟ್ಟಿ ಅದೊಂದೇ.

ಹೊರೆ ಮತ್ತು ನಡಿಗೆ

ಬೆನ್ನುಚೀಲದ ತೂಕ ನಿಮ್ಮ ದೇಹತೂಕದ ಐದನೇ ಒಂದು ಪಾಲನ್ನು ಮೀರದಿದ್ದರೆ ಒಳ್ಳೆಯದು, ಏಕೆಂದರೆ ಸಡಿಲ ಮರಳಿನಲ್ಲಿ ನಡೆಯಲು ಗಟ್ಟಿನೆಲಕ್ಕಿಂತ ಸುಮಾರು ಎರಡು ಪಟ್ಟು ಶಕ್ತಿ ಬೇಕು. ನೆಂದರೆ ಒಣಗದ ಹತ್ತಿಬಟ್ಟೆ ಬೇಡ; ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆಯಿರಲಿ. ಹಕ್ಕಿಯ ಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗ್ ಹಗುರವೇನೋ ಹೌದು, ಆದರೆ ಕಡಲಿನ ತೇವಗಾಳಿಯಲ್ಲಿ ಅದು ದಿನದಿಂದ ದಿನಕ್ಕೆ ಉಬ್ಬು ಕಳೆದುಕೊಂಡು ಚಪ್ಪಟೆಯಾಗುವುದರಿಂದ, ಸ್ವಲ್ಪ ಭಾರವಾದರೂ ಸಿಂಥೆಟಿಕ್ ತುಂಬಿದ್ದೇ ವಾಸಿ.

ನಡೆಯುವಾಗ ಅಲೆ ಈಗಷ್ಟೇ ಹಿಂದೆ ಸರಿದ ಒದ್ದೆ ಮರಳಿನ ಪಟ್ಟಿಯನ್ನು ಹಿಡಿಯಿರಿ, ಅದು ಗಟ್ಟಿಯಾಗಿರುತ್ತದೆ. ಬಂಡೆಗಳ ಮೇಲಾದರೆ ಬಣ್ಣ ನೋಡಿ ಹೆಜ್ಜೆಯಿಡಬೇಕು: ಹಸಿರು ಪಾಚಿ ಹಿಡಿದ ಬಂಡೆ ಎಣ್ಣೆ ಸುರಿದಂತೆ ಜಾರುತ್ತದೆ, ಬಿಳಿಯ ಬಾರ್ನಕಲ್ ಚಿಪ್ಪುಗಳು ಅಂಟಿಕೊಂಡ ಬಂಡೆ ಶೂಗೆ ಹಿಡಿತ ಕೊಡುತ್ತದೆ, ಆದರೆ ಕೈಯೂರಿದರೆ ಅಂಗೈ ಕೊಯ್ಯುತ್ತದೆ. ಮರಳು ಶೂ ಒಳಗೆ ಸೇರಿ ಉಜ್ಜುವುದರಿಂದ ಪಾದದಲ್ಲಿ ಎಲ್ಲಾದರೂ ಬಿಸಿ ಅನ್ನಿಸಿದ ತಕ್ಷಣ, ತಂಡದವರು ಕಾಯುತ್ತಾರೆಂಬ ಸಂಕೋಚವಿಲ್ಲದೆ, ನಿಂತು ಕೊಡವಿ ಪಟ್ಟಿ ಅಂಟಿಸಿಕೊಳ್ಳಿ. ಬೊಬ್ಬೆ ಎದ್ದ ಮೇಲೆ ಹೇಗೂ ಎಲ್ಲರನ್ನೂ ಕಾಯಿಸಬೇಕಾಗುತ್ತದೆ.

ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬಾರದೆಂಬ ಮಾತನ್ನು ಮಾರ್ಗದರ್ಶಿಗಳು ಬೇಸರ ಬರುವಷ್ಟು ಸಲ ಹೇಳುತ್ತಾರೆ, ಅದಕ್ಕೆ ಕಾರಣವಿದೆ. ಸಣ್ಣ ಅಲೆಗಳ ನಡುವೆ ಮುನ್ಸೂಚನೆಯಿಲ್ಲದೆ ಒಂದು ದೊಡ್ಡ ಅಲೆ ಬಹಳ ಮೇಲಕ್ಕೆ ನುಗ್ಗಿಬರುವುದುಂಟು. ಇಕ್ಕಟ್ಟಿನ ಜಾಗ ದಾಟುವ ಮೊದಲು ಹತ್ತಿಪ್ಪತ್ತು ನಿಮಿಷ ಸುಮ್ಮನೆ ನಿಂತು ಅಲೆಗಳನ್ನು ನೋಡಿ. ತೇಲಿಬಂದ ಮರದ ದಿಮ್ಮಿಗಳ ಮೇಲೆ ನೀರಿನಂಚಿನಲ್ಲಿ ಕೂರುವುದೂ ಬೇಡ. ಟನ್‌ಗಟ್ಟಲೆ ತೂಗುವ ದಿಮ್ಮಿಯನ್ನು ಒಂದು ಗೇಣು ನೀರು ಉರುಳಿಸಬಲ್ಲದು.

ಹೊಳೆಗಳನ್ನು ಅಳಿವೆಯ ಬಳಿ ದಾಟುವುದಾದರೆ, ನೀರು ಅತಿ ಕೆಳಗಿಳಿದು ಹರಿವು ತಣ್ಣಗಾಗುವ ಹೊತ್ತನ್ನು ಆರಿಸಿಕೊಳ್ಳಬೇಕು. ನೀರು ಇಳಿಯುತ್ತಿರುವ ನಡುವಿನ ಗಂಟೆಗಳಲ್ಲಿ ಹೊಳೆಯ ನೀರೂ ಉಬ್ಬರದ ನೀರೂ ಒಟ್ಟಿಗೆ ಕಡಲಿನತ್ತ ಸೆಳೆಯುತ್ತಿರುತ್ತವೆ, ಕಾಲು ತಪ್ಪಿದರೆ ಕೆಳಗಿರುವುದು ಸಮುದ್ರ. ಚೀಲದ ಸೊಂಟಪಟ್ಟಿ ಬಿಚ್ಚಿ, ಸ್ಯಾಂಡಲ್ ಹಾಕಿಕೊಂಡು, ಹರಿವು ಬರುವ ದಿಕ್ಕಿಗೆ ಮುಖಮಾಡಿ, ಕೋಲೂರಿ ಅಡ್ಡಡ್ಡಲಾಗಿ ಹೆಜ್ಜೆ ಸರಿಸಿ. ಸೆಳೆತವಿರುವ ನೀರು ಮೊಣಕಾಲು ಮೀರಿದರೆ ಹಿಂದಿರುಗಿ ಕಾಯುವುದೇ ಸರಿ.

ಬಿಡಾರ

ಟೆಂಟ್ ಹಾಕುವ ಮೊದಲು ಕಸದ ಗೆರೆ ಹುಡುಕಿ. ಉಬ್ಬರ ತಂದು ಬಿಟ್ಟ ಪಾಚಿ, ಕಡ್ಡಿ, ಚಿಪ್ಪುಗಳ ಸಾಲು ನೀರು ಎಲ್ಲಿಯವರೆಗೆ ಬಂದಿತ್ತೆಂದು ತೋರಿಸುತ್ತದೆ. ಪಾಚಿ ಹಸಿಯಾಗಿರುವ ಗೆರೆ ಈಚಿನದು; ಅದಕ್ಕೂ ಮೇಲೆ ಒಣಗಿ ಕರಕಲಾದ ಇನ್ನೊಂದು ಗೆರೆ ಇದ್ದರೆ ಅದು ಹಿಂದಿನ ದೊಡ್ಡ ಉಬ್ಬರದ್ದೋ ಬಿರುಗಾಳಿಯದ್ದೋ ಆಗಿರುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಹತ್ತಿರವಾಗುತ್ತಿದ್ದರೆ ಹಸಿ ಗೆರೆಯನ್ನು ನಂಬಬಾರದು, ಏಕೆಂದರೆ ಇಂದಿನ ರಾತ್ರಿಯ ನೀರು ಅದನ್ನು ದಾಟುವ ಸಾಧ್ಯತೆಯೇ ಹೆಚ್ಚು. ಒಣ ಗೆರೆಗೂ ಮೇಲೆ, ಕಲ್ಲುದುರುವ ಕಡಿದಾದ ಬಂಡೆಯಿಂದ ದೂರ, ಮರಳುದಿಬ್ಬ ಹಿಡಿದಿಟ್ಟ ಹುಲ್ಲುಬಳ್ಳಿಗಳನ್ನು ತುಳಿಯದಂತೆ ಜಾಗ ಆರಿಸಿ.

ಮರಳಿನಲ್ಲಿ ಮಾಮೂಲಿ ಗೂಟಗಳು ನಿಲ್ಲುವುದಿಲ್ಲ. ಇದನ್ನು ನಾನು ಕಲಿತದ್ದು ನಡುರಾತ್ರಿ ಗಾಳಿ ದಿಕ್ಕು ಬದಲಿಸಿ ನೆಲದ ಕಡೆಯಿಂದ ಬೀಸತೊಡಗಿದಾಗ, ಟೆಂಟಿನ ಒದ್ದೆ ಬಟ್ಟೆ ಮುಖದ ಮೇಲೆ ಬಿದ್ದ ಮೇಲೆ. ಮರುದಿನ ನಮ್ಮ ಮಾರ್ಗದರ್ಶಿ ಒಂದು ಖಾಲಿ ಬಟ್ಟೆಚೀಲಕ್ಕೆ ಮರಳು ತುಂಬಿ, ನಡುವಿಗೆ ಟೆಂಟಿನ ಹಗ್ಗ ಬಿಗಿದು, ಮೊಣಕೈ ಮುಳುಗುವಷ್ಟು ಆಳದ ಗುಂಡಿಯಲ್ಲಿ ಅದನ್ನು ಹಗ್ಗಕ್ಕೆ ಅಡ್ಡಲಾಗಿ ಮಲಗಿಸಿ, ಮರಳು ಎಳೆದು, ಮೇಲೆ ಒಂದು ಪಾತ್ರೆ ನೀರು ಸುರಿದು ಮೆಟ್ಟಿದರು. ಹಗ್ಗವನ್ನು ಎರಡೂ ಕೈಯಲ್ಲಿ ಜಗ್ಗಿದರೂ ಅದು ಮಿಸುಕಲಿಲ್ಲ. ಚೀಲವಿಲ್ಲದಿದ್ದರೆ ಮೊಳದುದ್ದದ ಕಟ್ಟಿಗೆಯೂ ಆದೀತು.

ಕುಡಿಯುವ ನೀರನ್ನು ಹೊಳೆಯ ಬಾಯಲ್ಲಿ ತುಂಬಿಕೊಳ್ಳಬೇಡಿ. ಉಬ್ಬರ ಅಲ್ಲಿಗೆ ಉಪ್ಪುನೀರು ತಂದಿರುತ್ತದೆ, ಮತ್ತು ಸಾಮಾನ್ಯ ಫಿಲ್ಟರ್ ಆಗಲಿ ಕುದಿಸುವುದಾಗಲಿ ಉಪ್ಪನ್ನು ತೆಗೆಯುವುದಿಲ್ಲ. ಸಾಕಷ್ಟು ಮೇಲಕ್ಕೆ ನಡೆದು, ನಾಲಿಗೆಗೆ ಹಚ್ಚಿ ನೋಡಿ ತುಂಬಿಸಿ, ಆಮೇಲೆ ಶೋಧಿಸಿ ಅಥವಾ ಒಂದು ನಿಮಿಷ ಕೊತಕೊತ ಕುದಿಸಿ. ಬಂಡೆಯ ಮೇಲಿನ ಚಿಪ್ಪುಜೀವಿಗಳನ್ನು ಕಿತ್ತು ಬೇಯಿಸುವ ಆಸೆ ಬೇಡ. ಕೆಲವು ಸೂಕ್ಷ್ಮಪಾಚಿಗಳಿಂದ ಅವುಗಳಲ್ಲಿ ಸೇರುವ ವಿಷ ಬೇಯಿಸಿದರೂ ಹೋಗುವುದಿಲ್ಲ. ಬೆಂಕಿಗೆ ಅನುಮತಿಯಿದ್ದರೆ ಉಬ್ಬರದ ಗೆರೆಯ ಕೆಳಗೆ ಹಾಕಿ, ನೀರು ಸುರಿದು ಆರಿಸಿ. ಮರಳು ಮುಚ್ಚಿದ ಕೆಂಡ ಗಂಟೆಗಟ್ಟಲೆ ಬಿಸಿಯಾಗಿದ್ದು, ಬರಿಗಾಲಿನಲ್ಲಿ ಬರುವವರನ್ನು ಸುಡುತ್ತದೆ. ಆಹಾರವನ್ನೂ ವಾಸನೆಯ ವಸ್ತುಗಳನ್ನೂ ಪ್ರಾಣಿಗಳು ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿಟ್ಟು ಟೆಂಟಿನಿಂದ ದೂರವಿಡಿ. ಶೌಚಕ್ಕೆ ಆ ಜಾಗದ ನಿಯಮವೇ ಮುಖ್ಯ; ನಿಯಮವಿಲ್ಲದ ಕಡೆ ಸಿಹಿನೀರಿನಿಂದ ಅರವತ್ತು ಮೀಟರ್ ಆಚೆ ಗೇಣುದ್ದದ ಗುಂಡಿ ತೋಡಿ ಮುಚ್ಚಿ.

ಇಂಥ ತೀರಗಳಲ್ಲಿ ಫೋನ್ ಸಿಗ್ನಲ್ ಸಿಗುತ್ತದೆಂದು ನಂಬಿ ಹೊರಡುವಂತಿಲ್ಲ. ಮಾರ್ಗದರ್ಶಿಯ ಚೀಲದ ಯಾವ ಜೇಬಿನಲ್ಲಿ ಉಪಗ್ರಹ ಸಂದೇಶ ಸಾಧನವಿದೆ, ಅದರ ಯಾವ ಗುಂಡಿ ಒತ್ತಬೇಕು ಎಂಬುದನ್ನು ಮೊದಲ ದಿನವೇ ಕನಿಷ್ಠ ಇಬ್ಬರು ಕಲಿತಿರಬೇಕು. ಕಡಲ ರೇಡಿಯೊ ಇದ್ದರೆ ಆಪತ್ತಿನ ಕರೆಗೆ 16ನೇ ಚಾನೆಲ್. ಒದ್ದೆಯಾದವರು ನಡುಗುತ್ತ ಎಡವತೊಡಗಿದರೆ, ಮಾತು ತೊದಲಿದರೆ, ದೇಹದ ಶಾಖ ಕುಸಿಯುತ್ತಿದೆಯೆಂದು ತಿಳಿದು ತಕ್ಷಣ ನಿಂತು ಒಣಬಟ್ಟೆ ಹಾಕಿಸಿ, ಗಾಳಿಯಿಂದ ಮರೆಮಾಡಿ, ಬೆಚ್ಚಗಿಡಿ. ಭೂಮಿ ಕಂಪಿಸಿದ್ದು ಬಲವಾಗಿ ಅನುಭವಕ್ಕೆ ಬಂದರೆ ಯಾವ ಸುನಾಮಿ ಎಚ್ಚರಿಕೆಗೂ ಕಾಯದೆ, ಚೀಲ ಬಿಟ್ಟಾದರೂ, ಎತ್ತರಕ್ಕೆ ಹತ್ತಬೇಕು.

ಮರಳಿ ಬಂದ ದಿನವೇ, ಎಷ್ಟೇ ದಣಿವಿದ್ದರೂ, ಟೆಂಟಿನ ಜಿಪ್, ಕಂಬಗಳ ಕೀಲು, ಒಲೆಯ ತಿರುಪು, ಕೋಲುಗಳ ಹಿಡಿಕೆಗಳನ್ನು ಸಿಹಿನೀರಿನಲ್ಲಿ ತೊಳೆದು ಬಿಚ್ಚಿಟ್ಟು ಒಣಗಿಸಿ. ಒಂದು ವಾರ ಹಾಗೇ ಬಿಟ್ಟರೆ ಉಪ್ಪು ಲೋಹವನ್ನು ತಿನ್ನತೊಡಗುತ್ತದೆ, ಜಿಪ್‌ನ ಹಲ್ಲುಗಳ ನಡುವೆ ಮರಳು ಕಚ್ಚಿಕೊಂಡು ಮುಂದಿನ ಪ್ರಯಾಣದ ಮೊದಲ ರಾತ್ರಿಯೇ ಬಾಗಿಲು ಅರ್ಧಕ್ಕೆ ನಿಂತುಬಿಡುತ್ತದೆ.