ಬೇರೆ ದೇಶದಲ್ಲಿ ಜಪಾನೀ ತೋಟ ಮಾಡುವುದು ಹೇಗೆ?

ಸಾರ್ವಜನಿಕ ತೋಟ ಅಂದಮೇಲೆ ಮೊದಲು ಕೆಲಸ ಬಲ್ಲವರನ್ನು ಹಿಡಿಯಿರಿ. ಅಮೆರಿಕದ ಪೋರ್ಟ್‌ಲ್ಯಾಂಡ್‌ನವರು 1963ರಲ್ಲಿ ಟೋಕಿಯೊದ ಪ್ರೊಫೆಸರ್ ತಕುಮಾ ಟೋನೋ ಅವರಿಗೇ ವಿನ್ಯಾಸ ವಹಿಸಿದರು, 1967ರಲ್ಲಿ ತೋಟ ಜನರಿಗೆ ತೆರೆಯಿತು.

ಗಿಡಕ್ಕಿಂತ ಮುಂಚೆ ಕಲ್ಲು. ದೊಡ್ಡ ಕಲ್ಲನ್ನು ಸುಮ್ನೆ ನೆಲದ ಮೇಲೆ ಇಡಬೇಡಿ. ಅದರ ಅಗಲವಾದ ಭಾಗ ಮಣ್ಣೊಳಗೆ ಹೋಗುವಷ್ಟು ಹೂತು, ಸುತ್ತ ಮಣ್ಣು ಗಟ್ಟಿಯಾಗಿ ತುಂಬಿ, ಜನ ನಡೆಯುವ ದಾರಿಯಿಂದ ಮತ್ತೆ ಮತ್ತೆ ನೋಡಿ, ಅಲ್ಲೇ ಹುಟ್ಟಿದ ಹಾಗೆ ಕಾಣುವವರೆಗೂ ಬಿಡಬೇಡಿ. ಕಲ್ಲು ಆ ಊರಿನದ್ದೇ ಆದರೆ ಇನ್ನೂ ಚೆಂದ. ಒಣ ಹವೆಯಲ್ಲಿ ಪಾಚಿ ಉಳಿಸುವುದು ಕಷ್ಟ ಅಲ್ವಾ, ಅಲ್ಲಿ ಪಾಚಿಯ ಬದಲು ಸಣ್ಣ ಜಲ್ಲಿ ಹರಡಿ, ಅದರ ಮೇಲೆ ಹಲ್ಲುಕುಂಟೆಯಿಂದ ನೀರಿನ ಅಲೆಯಂಥ ಗೆರೆ ಎಳೆಯಿರಿ.

ಗಾಲಿಕುರ್ಚಿಗೆ ಸಮತಟ್ಟು ದಾರಿ ನಕ್ಷೆಯಲ್ಲೇ ಇರಲಿ. ಪೈನ್ ಮರಗಳನ್ನು ಪ್ರತಿ ವರ್ಷ ಕೈಯಿಂದಲೇ ಸವರಬೇಕು, ಆ ಕೆಲಸ ಬಲ್ಲ ತೋಟಗಾರರ ಸಂಬಳಕ್ಕೆ ಈಗಲೇ ದುಡ್ಡು ಎತ್ತಿಡಿ.