ಮೊದಲ ಹೂಡಿಕೆ ಮನೆ: ಆಸೆಯನ್ನು ಲೆಕ್ಕಕ್ಕೆ ಇಳಿಸುವ ಬಗೆ

‘ಐದು ವರ್ಷದಲ್ಲಿ ಹತ್ತು ಮನೆ’ ಅನ್ನುವ ಗುರಿ ಕೇಳುವುದಕ್ಕೆ ಜೋರಾಗಿರುತ್ತದೆ. ಆದರೆ ಹತ್ತೂ ಮನೆಯ ಕಂತು ಬಾಡಿಗೆಗಿಂತ ಹೆಚ್ಚಿದ್ದರೆ, ಆ ಹತ್ತು ಮನೆಯ ಮಾಲೀಕರು ತಿಂಗಳ ಕೊನೆಗೆ ಒಂದೂ ಮನೆಯಿಲ್ಲದವರ ಹತ್ತಿರ ಕೈಸಾಲ ಕೇಳಬೇಕಾಗುತ್ತದೆ. ರಿಯಲ್ ಎಸ್ಟೇಟಿಗೆ ಹೊಸದಾಗಿ ಇಳಿಯುವವರು ಮನೆ ನೋಡಲು ಹೊರಡುವ ಮೊದಲು ಒಂದು ಹಾಳೆಯಲ್ಲಿ ಮೂರು ಅಂಕಿ ಬರೆದುಕೊಳ್ಳಬೇಕು. ಎಲ್ಲ ಖರ್ಚು ಕಳೆದು ತಿಂಗಳಿಗೆ ಎಷ್ಟು ಕೈಗೆ ಉಳಿಯಬೇಕು? ಅದು ಎಷ್ಟನೇ ವರ್ಷಕ್ಕೆ ಬೇಕು? ಅಲ್ಲಿಯವರೆಗೆ ತಿಂಗಳು ತಿಂಗಳೂ ಜೇಬಿನಿಂದ ಎಷ್ಟು ಹಾಕಬಲ್ಲಿರಿ? ಮೊದಲೆರಡನ್ನು ಎಲ್ಲರೂ ಉತ್ಸಾಹದಿಂದ ಬರೆಯುತ್ತಾರೆ, ಮೂರನೆಯದನ್ನು ಖಾಲಿ ಬಿಡುತ್ತಾರೆ. ಕೈ ಸುಡುವುದು ಆ ಖಾಲಿ ಜಾಗದಲ್ಲೇ.

ಒಂದು ಮನೆಯ ಲೆಕ್ಕ, ಪೂರ್ತಿಯಾಗಿ

ಮನೆಯ ಬೆಲೆ 1000 ಎಂದಿಟ್ಟುಕೊಳ್ಳಿ. ನಿಮ್ಮ ಕೈಯಿಂದ 200, ಸಾಲ 800. ನೋಂದಣಿ, ವಕೀಲರ ಶುಲ್ಕ, ಬಣ್ಣ, ಸಣ್ಣಪುಟ್ಟ ರಿಪೇರಿಗೆ ಇನ್ನೊಂದು 80. ಅಲ್ಲಿಗೆ ನೀವು ಹಾಕಿದ್ದು 280. ಬಡ್ಡಿ ಶೇ. 9, ಅವಧಿ 20 ವರ್ಷ ಆದರೆ ತಿಂಗಳ ಕಂತು 7.2, ವರ್ಷಕ್ಕೆ 86.

ಬಾಡಿಗೆ ತಿಂಗಳಿಗೆ 5 ಬರುತ್ತದೆ ಅನ್ನೋಣ. ವರ್ಷಕ್ಕೆ 60 ಎಂದು ಬರೆದರೆ ತಪ್ಪು. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಖಾಲಿ ಬಿದ್ದರೆ 55. ಆಸ್ತಿ ತೆರಿಗೆ, ವಿಮೆ, ನಿರ್ವಹಣೆ, ರಿಪೇರಿಗೆ 15 ತೆಗೆದರೆ 40. ಕಂತು 86, ಉಳಿದದ್ದು 40. ಅಂದರೆ ವರ್ಷಕ್ಕೆ 46, ತಿಂಗಳಿಗೆ ಹತ್ತಿರ ಹತ್ತಿರ 4, ನಿಮ್ಮ ಸಂಬಳದಿಂದ ಹೋಗಬೇಕು. ಹಾಳೆಯ ಮೂರನೇ ಅಂಕಿ ಇದೇ.

‘ಬೆಲೆ ಏರುತ್ತದಲ್ಲ’ ಎಂಬ ಸಮಾಧಾನವನ್ನೂ ಇದೇ ಲೆಕ್ಕಕ್ಕೆ ಹಚ್ಚಿ ನೋಡಿ. ವರ್ಷಕ್ಕೆ ಶೇ. 5 ಏರಿದರೆ 50 ಬಂತು, ಕೈಯಿಂದ 46 ಹೋಯಿತು. ಮೊದಲ ವರ್ಷ ಕಟ್ಟಿದ 86ರಲ್ಲಿ ಅಸಲಿಗೆ ಸೇರುವುದು ಬರೀ 15, ಮಿಕ್ಕಿದ್ದೆಲ್ಲ ಬಡ್ಡಿ. ಕೂಡಿ ಕಳೆದರೆ ಲಾಭ 19, ಅದೂ ಕಾಗದದ ಮೇಲೆ. ಮೊದಲೇ ಖರ್ಚಾದ 80 ಇದರಲ್ಲಿ ಸೇರಿಲ್ಲ, ಮಾರುವಾಗಿನ ಕಮಿಷನ್ನು, ತೆರಿಗೆ ಇನ್ನೂ ಬಾಕಿ ಇವೆ. ಬೆಲೆ ನಿಂತಲ್ಲೇ ನಿಂತರೆ ಆ ವರ್ಷ 31 ನಷ್ಟ. ಶೇ. 10 ಇಳಿದರೆ ನೀವು ಮುಂಗಡವಾಗಿ ಹಾಕಿದ 200ರಲ್ಲಿ ಅರ್ಧ ಕರಗಿತು. ಸಾಲ ಲಾಭವನ್ನು ಹಿಗ್ಗಿಸುವ ಹಾಗೆಯೇ ನಷ್ಟವನ್ನೂ ಹಿಗ್ಗಿಸುತ್ತದೆ. ಮನೆ ತೋರಿಸುವವರು ಮೊದಲರ್ಧ ಮಾತ್ರ ಹೇಳುತ್ತಾರೆ.

ಬಡ್ಡಿ ಶೇ. 10ಕ್ಕೆ ಏರಿದರೆ ಕಂತು 7.7 ಆಗುತ್ತದೆ. ಸಾಲ ಕೊಟ್ಟವರು ಎಷ್ಟೋ ಸಲ ಕಂತನ್ನು ಮುಟ್ಟದೆ ಅವಧಿಯನ್ನು ಉದ್ದ ಮಾಡುತ್ತಾರೆ. ಇದೇ ಸಾಲಕ್ಕೆ ಮೊದಲಲ್ಲೇ ಹಾಗಾದರೆ 240 ತಿಂಗಳಲ್ಲಿ ಮುಗಿಯಬೇಕಿದ್ದದ್ದು ಸುಮಾರು 314 ತಿಂಗಳಿಗೆ ಹೋಗುತ್ತದೆ. ಕಂತು ಬದಲಾಗದ್ದರಿಂದ ಆರು ವರ್ಷ ಹೆಚ್ಚಾದದ್ದು ಗಮನಕ್ಕೇ ಬರುವುದಿಲ್ಲ. ಬಡ್ಡಿ ಬದಲಾದಾಗಲೆಲ್ಲ ಉಳಿದ ಅವಧಿ ಎಷ್ಟು ಎಂದು ಬಾಯಿಬಿಟ್ಟು ಕೇಳಿ.

ಈ ಲೆಕ್ಕ ಹೆದರಿಸುವುದಕ್ಕಲ್ಲ. ತಿರುಗಿಸಿ ಹಾಕಿದರೆ ದಾರಿಯೂ ಇದರಲ್ಲೇ ಕಾಣುತ್ತದೆ. ಖರ್ಚು ಕಳೆದು ಉಳಿಯುವ 40ರಿಂದ ತಾನೇ ತೀರಿಸಿಕೊಳ್ಳಬಲ್ಲ ಸಾಲ ಸುಮಾರು 370 ಮಾತ್ರ. ಆದ್ದರಿಂದ ಒಂದೋ ಮುಂಗಡ ಹೆಚ್ಚಬೇಕು, ಇಲ್ಲವೇ ಬೆಲೆಗೆ ಹೋಲಿಸಿದರೆ ಬಾಡಿಗೆ ಚೆನ್ನಾಗಿರುವ ಮನೆ ಸಿಗಬೇಕು, ಅದೂ ಇಲ್ಲದಿದ್ದರೆ ತಿಂಗಳ 4ನ್ನು ವರ್ಷಗಟ್ಟಲೆ ತುಂಬುವ ಶಕ್ತಿ ಬೇಕು. ಮೂರರಲ್ಲಿ ನಿಮ್ಮದು ಯಾವುದು ಎಂದು ತೀರ್ಮಾನವಾದ ದಿನ ಹಂಬಲ ಯೋಜನೆಯಾಗುತ್ತದೆ.

ಕೈ ಹಾಕುವ ಮೊದಲು

ಮುಂಗಡದ ಹಣ ಬೇರೆ, ಆಪತ್ತಿನ ಹಣ ಬೇರೆ. ಆರು ತಿಂಗಳ ಮನೆಖರ್ಚು, ಅದರ ಜೊತೆಗೆ ಆರು ತಿಂಗಳ ಕಂತು, ಬೇರೆ ಖಾತೆಯಲ್ಲಿ ಇಲ್ಲದಿದ್ದರೆ ಮನೆ ಹುಡುಕುವುದನ್ನು ಮುಂದಕ್ಕೆ ಹಾಕಿ. ಮನೆ ಚಿನ್ನದ ಸರವಲ್ಲ, ಬೇಕೆಂದಾಗ ಅರ್ಧ ಮಾರಲಾಗದು. ಮಾರಾಟ ಮುಗಿದು ಹಣ ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ, ಅವಸರದಲ್ಲಿ ಮಾರುವವರನ್ನು ಕೊಳ್ಳುವವರು ದೂರದಿಂದಲೇ ಗುರುತಿಸುತ್ತಾರೆ.

ಮುಂದಿನ ಮೂರು ತಿಂಗಳು ಒಂದೇ ಪ್ರದೇಶ, ಒಂದೇ ಬಗೆಯ ಮನೆ. ನಲವತ್ತು ಮನೆ ನೋಡಿ, ಒಂದನ್ನೂ ಕೊಳ್ಳಬೇಡಿ. ನೋಟ್‌ಬುಕ್ಕಿನಲ್ಲಿ ಮನೆಗೊಂದು ಸಾಲು: ಅಳತೆ, ಹೇಳಿದ ಬೆಲೆ, ಕಟ್ಟಡದ ವಯಸ್ಸು, ಬಾಡಿಗೆ, ಎಷ್ಟು ದಿನದಿಂದ ಮಾರಾಟಕ್ಕಿದೆ, ಕೊನೆಗೆ ಎಷ್ಟಕ್ಕೆ ಹೋಯಿತು. ಬೆಲೆ ಕೇಳುವ ಮೊದಲೇ ನಿಮ್ಮ ಅಂದಾಜನ್ನು ಪೆನ್ಸಿಲಿನಲ್ಲಿ ಬರೆದಿಡಿ. ಮೊದಮೊದಲು ಅದು ಎಲ್ಲೋ ಇರುತ್ತದೆ, ಬೆಲೆ ಇನ್ನೆಲ್ಲೋ. ಸತತವಾಗಿ ಹತ್ತು ಮನೆಗೆ ನಿಮ್ಮ ಅಂದಾಜು ಬೆಲೆಯ ಆಸುಪಾಸಿಗೆ ಬಂದರೆ ಕಣ್ಣು ಪಳಗಿದೆ ಎಂದರ್ಥ. ಆತ್ಮವಿಶ್ವಾಸ ಬೇಕೆನ್ನುವವರಿಗೆ ಪ್ರೇರಣೆಯ ಭಾಷಣಗಳಿಗಿಂತ ಈ ಪೆನ್ಸಿಲ್ ಹೆಚ್ಚು ಕೆಲಸಕ್ಕೆ ಬರುತ್ತದೆ.

ಬಾಡಿಗೆ ಎಷ್ಟೆಂದು ಮಾರುವವರನ್ನು ಕೇಳಬೇಡಿ. ಅದೇ ಬೀದಿಯಲ್ಲಿ ಬಾಡಿಗೆಗೆ ಖಾಲಿ ಇರುವ ಮನೆಗಳಿಗೆ ಫೋನ್ ಮಾಡಿ ವಿಚಾರಿಸಿ. ಎರಡು ವಾರ ಬಿಟ್ಟು ಮತ್ತೆ ಮಾಡಿ. ಇನ್ನೂ ಖಾಲಿ ಇದ್ದರೆ ಆ ಬಾಡಿಗೆಗೆ ಅಲ್ಲಿ ಗಿರಾಕಿಯಿಲ್ಲ.

ಮನಸ್ಸು ಮೋಸ ಮಾಡುವ ಜಾಗಗಳು

ಬೆಳಕು ತುಂಬಿದ ಹಾಲ್ ಕಂಡ ಕೂಡಲೇ ಮನಸ್ಸು ಅಲ್ಲಿ ಸೋಫಾ ಹಾಕಲು ಶುರುಮಾಡುತ್ತದೆ. ಆಮೇಲೆ ಕಣ್ಣು ಮೇಲೆ ಹೋಗುವುದಿಲ್ಲ. ಚಾವಣಿಯ ಬಣ್ಣವೆಲ್ಲ ಹಳತು, ಮೇಲಿನ ಮನೆಯ ಬಚ್ಚಲು ಬರುವ ಮೂಲೆಯಲ್ಲಿ ಮಾತ್ರ ಎರಡಡಿ ಹೊಸ ಬಿಳುಪು. ಅದು ಅಲಂಕಾರವಲ್ಲ, ಸೋರಿಕೆಯನ್ನು ಮುಚ್ಚಿದ್ದಿರಬಹುದು. ಮುಟ್ಟಿ ನೋಡಿ: ತಣ್ಣಗಿದ್ದರೆ, ಬಣ್ಣ ಗುಳ್ಳೆ ಎದ್ದಿದ್ದರೆ ಸೋರಿಕೆ ಇನ್ನೂ ನಿಂತಿಲ್ಲದಿರಬಹುದು, ಅದರ ರಿಪೇರಿಗೆ ಮೇಲಿನ ಮನೆಯವರ ಒಪ್ಪಿಗೆಯೂ ಬೇಕಾಗುತ್ತದೆ. ನೀವು ವಾಸಕ್ಕೆ ಕೊಳ್ಳುತ್ತಿಲ್ಲ ಎನ್ನುವುದನ್ನು ನೆನಪಿಸಿಕೊಳ್ಳಲು ಒಂದು ಸುಲಭ ಉಪಾಯವಿದೆ. ಮನೆಯೊಳಗೆ ಕಾಲಿಡುವ ಮೊದಲೇ, ಲೆಕ್ಕದಿಂದ ಬಂದ ಗರಿಷ್ಠ ಬೆಲೆಯನ್ನು ಬರೆದು ತಾರೀಖು ಹಾಕಿ. ನೋಡಿ ಬಂದ ಮೇಲೆ ಆ ಅಂಕಿಯನ್ನು ಇಳಿಸಬಹುದು, ಏರಿಸುವಂತಿಲ್ಲ.

‘ಸಂಜೆ ಇನ್ನೊಬ್ಬರು ಟೋಕನ್ ಕೊಡ್ತಾರೆ’, ಅಂದರೆ ಮನೆ ಹಿಡಿದಿಡಲು ಸಣ್ಣ ಮೊತ್ತ ಕೊಡುತ್ತಾರೆ, ಎಂಬ ಮಾತು ನಿಜವೇ ಇರಬಹುದು. ಕೊಡಲಿ ಬಿಡಿ. ಹಕ್ಕಿನ ದಾಖಲೆ, ಋಣಭಾರ (ಆಸ್ತಿಯ ಮೇಲಿರುವ ಸಾಲ, ಅಡಮಾನ), ಕಟ್ಟಡದ ಪರವಾನಗಿಯನ್ನು ನಿಮ್ಮದೇ ವಕೀಲರು ನೋಡುವ ಮೊದಲು ಹಣ ಕೊಡಬೇಡಿ. ಮಾರುವವರು ಗೊತ್ತುಮಾಡಿದ ವಕೀಲರು ನಿಮ್ಮವರಲ್ಲ. ಟೋಕನ್ ಕೊಡಲೇಬೇಕಾದರೆ, ದಾಖಲೆ ಸರಿಯಿಲ್ಲದಿದ್ದರೆ ಅಥವಾ ಸಾಲ ಮಂಜೂರಾಗದಿದ್ದರೆ ಹಣ ವಾಪಸು ಎಂಬ ಷರತ್ತು ಬರವಣಿಗೆಯಲ್ಲಿರಲಿ. ಕೊಟ್ಟ ಸಣ್ಣ ಮೊತ್ತ ಹೋದೀತೆಂಬ ಹೆದರಿಕೆಗೆ ದೊಡ್ಡ ತಪ್ಪಿಗೆ ಸಹಿ ಹಾಕಿದವರು ಬೇಕಾದಷ್ಟಿದ್ದಾರೆ.

ಇದಕ್ಕೆ ತದ್ವಿರುದ್ಧದ ಕಾಯಿಲೆಯೂ ಇದೆ: ಎರಡು ವರ್ಷದಿಂದ ಓದುತ್ತಲೇ ಇರುವುದು. ಇವರ ನೋಟ್‌ಬುಕ್ ತುಂಬಿರುತ್ತದೆ, ಆದರೆ ಒಂದು ಮನೆಗೂ ಬೆಲೆ ಹೇಳಿರುವುದಿಲ್ಲ. ಇಂಥವರು ಐದು ಷರತ್ತು ಬರೆದುಕೊಂಡು, ಐದನ್ನೂ ದಾಟಿದ ಮನೆಗೆ ಏಳು ದಿನದೊಳಗೆ ತಮ್ಮ ಬೆಲೆ ಹೇಳಬೇಕು. ಮಾರುವವರು ಒಪ್ಪದಿರುವುದೇ ಹೆಚ್ಚು. ಹೇಳಿದ ಮೊದಲ ಬೆಲೆಗೇ ತಕ್ಷಣ ಒಪ್ಪಿದರೆ ಇನ್ನೊಮ್ಮೆ ದಾಖಲೆ ತಿರುವಿಹಾಕಿ.

ಗೆಳೆಯರ ಲಾಭದ ಕತೆಗಳಿಗೆ ಒಂದೇ ಪ್ರಶ್ನೆ ಸಾಕು: ಕಟ್ಟಿದ ಬಡ್ಡಿ ಕಳೆದು ಹೇಳಿದ್ದೋ, ಕಳೆಯದೆಯೋ?

ಕೊಂಡ ಮೇಲೆ

ಮೊದಲ ಮನೆ ಚಿಕ್ಕದಿರಲಿ, ಬೇಗ ಬಾಡಿಗೆಗೆ ಹೋಗುವಂಥದಿರಲಿ, ನೆಂಟರಿಗೆ ತೋರಿಸಲು ಏನೂ ವಿಶೇಷವಿಲ್ಲದಿದ್ದರೂ ಚಿಂತೆಯಿಲ್ಲ. ಬಾಡಿಗೆ ಬೀಳಲು, ಖರ್ಚು ಹೋಗಲು ಪ್ರತ್ಯೇಕ ಖಾತೆ ತೆರೆಯಿರಿ. ಸಂಬಳದ ಖಾತೆಯಲ್ಲಿ ಬೆರೆತರೆ ತಿಂಗಳ 4 ಎಲ್ಲಿ ಸೋರುತ್ತಿದೆ ಎಂದು ಕಾಣುವುದೇ ಇಲ್ಲ. ಬಾಡಿಗೆದಾರರೊಂದಿಗೆ ಲಿಖಿತ ಕರಾರು, ಒಳಗೆ ಬರುವ ದಿನ ಗೋಡೆ, ನಲ್ಲಿ, ಸ್ವಿಚ್‌ಗಳ ಫೋಟೋ, ಮೀಟರಿನ ರೀಡಿಂಗ್ ಇರಲಿ. ನೆಂಟರಿಗೆ ಬಾಡಿಗೆಗೆ ಕೊಡದಿರುವುದೇ ಕ್ಷೇಮ, ತಡವಾದ ಬಾಡಿಗೆಯನ್ನು ಅವರ ಹತ್ತಿರ ಗಟ್ಟಿಯಾಗಿ ಕೇಳಲಾಗದು.

ಎರಡನೆಯ ಮನೆಯ ಮಾತು ಹನ್ನೆರಡು ತಿಂಗಳ ನಂತರ. ಆಗ ಆ ಖಾತೆಯ ನಿಜವಾದ ಅಂಕಿಗಳನ್ನು ಮೊದಲು ಬರೆದ ಹಾಳೆಯ ಪಕ್ಕದಲ್ಲಿಟ್ಟು ನೋಡಿ. ಖಾಲಿ ತಿಂಗಳು ಒಂದೆಂದು ಹಾಕಿದ್ದು ಎರಡಾಗಿದೆಯೋ, ರಿಪೇರಿಗೆ ಇಟ್ಟದ್ದು ಸಾಲದೆ ಹೋಯಿತೋ ಅಲ್ಲಿ ಬರೆದಿರುತ್ತದೆ. ಮುಂದಿನ ಮನೆಗೆ ಹೇಳುವ ಬೆಲೆಯನ್ನು ಆ ಅಂಕಿಗಳಿಂದಲೇ ಲೆಕ್ಕ ಹಾಕಿ.