ಶನಿವಾರ ಸಂಜೆ ನಾಲ್ಕೂವರೆ

ನಮ್ಮ ಚರ್ಚಿನಲ್ಲಿ ಬಡವರಿಗೆ ನೆರವಾಗುವ ಒಂದು ಸಂಘ ಇದೆ, ಸಂತ ವಿನ್ಸೆಂಟ್ ದೆ ಪಾಲ್ ಸಭೆ ಅಂತ. ಅದಕ್ಕೆ ನಾನು ಸೇರಿದ್ದು ಭಕ್ತಿ ಉಕ್ಕಿ ಅಲ್ಲ. ಮೈಸೂರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅವರಿಗೆ ಅರ್ಜಿ ತುಂಬಲು ಬರುವ ಒಬ್ಬ ಆಳು ಬೇಕಿತ್ತು. ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಬಂದು ಹೆಗಲ ಮೇಲೆ ಕೈ ಹಾಕಿದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಸಭೆ ನಡೆಯುವ ರೀತಿ ಸರಳ. ವಾರಕ್ಕೊಮ್ಮೆ ಸೇರುತ್ತೇವೆ, ಪ್ರಾರ್ಥನೆ ಮಾಡುತ್ತೇವೆ. ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಮುಷ್ಟಿ ಮುಚ್ಚಿಕೊಂಡೇ ಕೈ ಒಳಗೆ ಹಾಕಬೇಕು. ಯಾರು ಎಷ್ಟು ಹಾಕಿದರು, ಯಾರು ಹಾಕಲೇ ಇಲ್ಲ, ಯಾರಿಗೂ ಗೊತ್ತಾಗಬಾರದು. ಆಮೇಲೆ ಇಬ್ಬಿಬ್ಬರಾಗಿ ಕಷ್ಟದಲ್ಲಿರುವವರ ಮನೆಗಳಿಗೆ ಹೋಗುವುದು. ನನಗೆ ಜೊತೆಯಾದವರು ರಿಟೈರಾದ ಒಬ್ಬ ಟೀಚರ್.

ನಮ್ಮ ಪಾಲಿಗೆ ಬಂದದ್ದು ಒಬ್ಬ ಅಜ್ಜಿ. ಅಗರಬತ್ತಿ ಹೊಸೆದೇ ಬದುಕಿದವರು. ಗಂಡ ಇಲ್ಲ, ಮಗ ಎಲ್ಲೋ ಹೋದವನು ವಾಪಸ್ ಬಂದಿಲ್ಲ. ಒಂದೇ ಕೋಣೆಯ ಬಾಡಿಗೆ ಮನೆ, ಗೋಡೆಯ ಮೇಲೆ ಚಾಮುಂಡಮ್ಮನ ಫೋಟೋ. ನಮ್ಮ ಸಭೆಯಲ್ಲಿ ಯಾವ ಧರ್ಮ ಅಂತ ಕೇಳುವ ಪದ್ಧತಿ ಇಲ್ಲ. ಕೇಳುವುದು ಒಂದೇ: ಇವರ ಮನೆಗೆ ಬೇರೆ ಯಾರಾದ್ರೂ ಬರ್ತಾರಾ?

ಮೊದಲ ಭೇಟಿಯಲ್ಲಿ ನಾನು ಮಾಡಿದ್ದು ಹೇಳಲು ಈಗಲೂ ನಾಚಿಕೆ. ಅಕ್ಕಿ, ಬೇಳೆ, ಎಣ್ಣೆ ಕೊಟ್ಟೆ. ಪುಸ್ತಕದಲ್ಲಿ ಬರೆದುಕೊಂಡೆ. ಮೊಬೈಲ್ ತೆಗೆದು "ಅಜ್ಜಿ, ಸ್ವಲ್ಪ ಇತ್ತ ನೋಡಿ" ಅಂದೆ. ಚರ್ಚಿನ ಬೋರ್ಡಿಗೆ ಒಂದು ಫೋಟೋ ಇರಲಿ ಅಂತ. ಅಜ್ಜಿ ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿದರು. ಹಸಿದವರಲ್ಲಿ ಯೇಸು ಸ್ವಾಮಿ ಇದ್ದಾರೆ ಅಂತ ಕೇಳಿಕೊಂಡೇ ಬೆಳೆದವನು ನಾನು. ಹಸಿದವರು ಮುಖ ತಿರುಗಿಸಿದರೆ ಏನು ಮಾಡಬೇಕು ಅಂತ ಮಾತ್ರ ಚರ್ಚಿನ ಯಾವ ಉಪದೇಶದಲ್ಲೂ ಕೇಳಿರಲಿಲ್ಲ.

ದಾರಿಯಲ್ಲಿ ಟೀಚರ್ ಬೈಯಲಿಲ್ಲ. ಸಭೆ ಹುಟ್ಟಿದ ಕತೆ ಹೇಳಿದರು. 1833ರಲ್ಲಿ ಪ್ಯಾರಿಸ್‌ನಲ್ಲಿ ಇದನ್ನು ಶುರು ಮಾಡಿದವರು ಕಾಲೇಜು ಹುಡುಗರು. ಅವರಲ್ಲಿ ಫ್ರೆಡರಿಕ್ ಓಝಾನಾಮ್‌ಗೆ ಆಗ ಬರೀ 20. ಉತ್ಸಾಹ ಇತ್ತು, ಬಡವರ ಮನೆ ಹೊಸ್ತಿಲು ಹೇಗೆ ದಾಟಬೇಕು ಅನ್ನೋದು ಗೊತ್ತಿರಲಿಲ್ಲ. ಬಡವರ ಕೇರಿಯಲ್ಲಿ ವರ್ಷಗಟ್ಟಲೆ ದುಡಿದಿದ್ದ ಸಿಸ್ಟರ್ ರೊಸಾಲಿ ಅವರಿಗೆ ಅದನ್ನು ಹೇಳಿಕೊಟ್ಟರಂತೆ. ಓಝಾನಾಮ್ ಮುಂದೆ ಪಾದ್ರಿ ಆಗಲಿಲ್ಲ. ಮದುವೆಯಾದ, ಮೇಷ್ಟ್ರಾದ, ಒಬ್ಬ ಮಗಳ ಅಪ್ಪನಾದ, 40ಕ್ಕೇ ತೀರಿಕೊಂಡ. ಸಂಸಾರಸ್ಥ ಅನ್ನುವ ಕಾರಣಕ್ಕೇ ನನಗೆ ಆತ ಹತ್ತಿರ. "ಮುಂದಿನ ಸಲ ಫೋನ್ ಜೇಬಿನಲ್ಲೇ ಇರಲಿ. ಅವರು ಕೂತ್ಕೊಳಿ ಅನ್ನೋವರೆಗೆ ನಿಂತಿರೋಣ" ಅಂದರು ಟೀಚರ್.

ಮೂರು ವಾರ ನಿಂತೇ ಬಂದೆವು. ನಾಲ್ಕನೇ ವಾರ ಅಜ್ಜಿ ಚಾಪೆ ಹಾಸಿದರು.

ಕೂತ ಮೇಲೆ ತಾನೇ ವಿಷಯ ಹೊರಗೆ ಬರುವುದು. ಅವರಿಗೆ ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿತ್ತು, ತಿಂಗಳಿಗೆ 1,200 ರೂಪಾಯಿ. ಅದು ನಿಂತೇ ಹೋಗಿತ್ತು. ಒಂದು ಕಚೇರಿಯಲ್ಲಿ ನಾಳೆ ಬನ್ನಿ ಅಂದರು, ಇನ್ನೊಂದರಲ್ಲಿ ಇಲ್ಲಿಗಲ್ಲ ಅಂದರು. ಕೊನೆಗೆ ತಿಳಿದದ್ದು ಇಷ್ಟೇ: ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗಿಲ್ಲ. ಲಿಂಕ್ ಮಾಡಿಸಲು ಹೋದರೆ ಮಿಷನ್ ಅಜ್ಜಿಯ ಬೆರಳು ಹಿಡಿಯುತ್ತಿಲ್ಲ. ಅಷ್ಟು ವರ್ಷ ಮಸಿ ಹಿಟ್ಟು ಹಚ್ಚಿ ಹಲಗೆ ಮೇಲೆ ಕಡ್ಡಿ ಉಜ್ಜಿದ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತೆ, ಹೇಳಿ. ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೆರಳು ಮತ್ತು ಕಣ್ಣು ಎರಡನ್ನೂ ಹೊಸದಾಗಿ ಕೊಡಿಸಿ, ಮೊಬೈಲ್ ನಂಬರ್ ಸೇರಿಸಿ, ಆಮೇಲೆ ಬ್ಯಾಂಕ್. ಈ ಕೆಲಸ ಮಾಡುವವರಿಗೆ ನನ್ನದೊಂದು ಮಾತು: ಪ್ರತಿ ಅರ್ಜಿಗೂ ಸ್ವೀಕೃತಿ ಚೀಟಿ ಕೇಳಿ ತಗೊಳ್ಳಿ, ಅದರ ಎರಡು ಝೆರಾಕ್ಸ್ ಇಟ್ಟುಕೊಳ್ಳಿ. ಅಂಗಡಿಯವನು ಅಂತ ಹೇಳ್ತಿಲ್ಲ. ಚೀಟಿ ಇಲ್ಲದವರ ಮಾತಿಗೆ ಕಚೇರಿಯಲ್ಲಿ ಬೆಲೆ ಇಲ್ಲ.

ಇದರ ನಡುವೆ ಒಂದು ದಿನ ಬೀದಿಯ ಹುಡುಗನೊಬ್ಬ ಅಡ್ಡ ನಿಂತ. "ಮತಾಂತರ ಮಾಡೋಕೆ ಬಂದಿದ್ದೀರಾ?" ನನಗೆ ಕೈಕಾಲು ತಣ್ಣಗಾಯಿತು. ಟೀಚರ್ ಮಾತ್ರ, "ಪಿಂಚಣಿ ಮಾಡಿಸೋಕೆ ಕಣಪ್ಪ. ನಿನ್ನದು ಆಟೋ ಅಲ್ವಾ? ಬುಧವಾರ ಅಜ್ಜೀನ ಬ್ಯಾಂಕಿಗೆ ಕರ್ಕೊಂಡು ಬರ್ತೀಯಾ?" ಅಂದರು. ಬಂದ. ಬಾಡಿಗೆ ತೆಗೆದುಕೊಳ್ಳಲಿಲ್ಲ.

ಅಜ್ಜಿಯ ಮನೆಯಲ್ಲಿ ನಾವು ಪ್ರಾರ್ಥನೆ ಮಾಡುವುದಿಲ್ಲ. ಅದು ಅವರ ಮನೆ, ಅವರ ದೇವರು. ಸಭೆಯಲ್ಲಿ ಮಾತ್ರ ಅವರ ಹೆಸರು ಹೇಳಿ ಬೇಡಿಕೊಳ್ಳುತ್ತೇವೆ. ಅವರಿಗೆ ನಂಬಿಕೆ ಮೂಡಿತೋ ಇಲ್ಲವೋ ಅಂತ ಅಳೆಯಲು ನನ್ನ ಹತ್ತಿರ ಏನೂ ಇಲ್ಲ. ನನ್ನದು ಹೆಚ್ಚುಕಮ್ಮಿ ಆಗುತ್ತಲೇ ಇರುತ್ತದೆ.

ನಾಲ್ಕು ತಿಂಗಳಿಗೆ ದುಡ್ಡು ಬಂತು. ಅಜ್ಜಿ ಅದರ ಬಗ್ಗೆ ದೊಡ್ಡದಾಗಿ ಏನೂ ಅನ್ನಲಿಲ್ಲ. ಇನ್ನು ವಾರವಾರ ಹೋಗಬೇಕಾ, ತಿಂಗಳಿಗೊಮ್ಮೆ ಸಾಲದಾ ಅಂತ ನನಗೆ ಅನಿಸಿತ್ತು, ನಿಜ ಹೇಳಬೇಕೆಂದರೆ. ಆ ಶನಿವಾರ ಅಂಗಡಿಯಲ್ಲಿ ರಶ್ ಜಾಸ್ತಿ. ಮಳೆ ಬೇರೆ. ನಾವು ತಲುಪಿದಾಗ ಐದೂಮುಕ್ಕಾಲು.

ಅಜ್ಜಿ ಹೊಸ್ತಿಲಲ್ಲೇ ಕೂತಿದ್ದರು. "ನಾಲ್ಕೂವರೆಯಿಂದ ಕಾಯ್ತಾ ಇದೀನಿ, ಎಲ್ಲಿ ಹಾಳಾಗಿ ಹೋಗಿದ್ರಿ ಇಬ್ರೂ? ಕಾಫಿ ಎರಡು ಸಲ ಬಿಸಿ ಮಾಡ್ದೆ" ಅಂತ ಚೆನ್ನಾಗಿ ಉಗಿದರು. ನಾನು ಕ್ಷಮಿಸಿ ಅನ್ನಲು ಹೊರಟೆ. ಟೀಚರ್ ನನ್ನ ಕೈ ಚಿವುಟಿ, ನಗುತ್ತಾ ಒಳಗೆ ಹೋಗಿ ಚಾಪೆ ಬಿಡಿಸಿದರು.